ಲೀಟಿಯಾಗೆ ಚರ್ಚು ಕಾಣದ ದಿನ

ಬುಕಿತ್ ಪಂಜಾಂಗ್, ಸಿಂಗಪುರ
22 ಅಕ್ಟೋಬರ್ 2006

ಉಮಾ,

ನಿನ್ನ ಕಾಗದ ದೀಪಾವಳಿಯ ಹಿಂದಿನ ದಿನ ಬಂತು. ಕೈಯೆಲ್ಲ ಕಡಲೆಹಿಟ್ಟು, ಆದರೂ ತಡೆಯಲಾರದೆ ಒಡೆದೆ. ಮೂರು ಪುಟ ಬರೆದಿದ್ದೀಯ, ಸಂತೋಷ. ಮೂರು ಪುಟವೂ ಲೀಟಿಯಾ. ಲೀಟಿಯಾ ಹೀಗೆ ಹೇಳಿದಳು, ಲೀಟಿಯಾ ಹಾಗೆ ನಕ್ಕಳು, ಲೀಟಿಯಾ ಗ್ಲೌಸ್ ಹೊಲಿದು ಕೊಟ್ಟಳು. ನಿನ್ನ ಆರೋಗ್ಯದ ಬಗ್ಗೆ ಒಂದು ಸಾಲು, ಅದೂ ಕಟ್ಟಕಡೆಗೆ, ಜಾಗ ಉಳಿದಿತ್ತು ಅಂತ ಬರೆದ ಹಾಗೆ.

ಕೆನಡಾದ ಆ ಉತ್ತರದ ತುದಿಗೆ ವಿಮಾನ ಹಾರಿಸಲು ಹೋಗುತ್ತೇನೆ ಅಂದಾಗ ನಾನು ಹಾಕಿದ ಷರತ್ತು ಒಂದೇ. ತಿಂಗಳಿಗೊಂದು ಕಾಗದ, ಕನ್ನಡದಲ್ಲಿ. ಫೋನಿನಲ್ಲಿ ನೀನು 'ಓಕೆ ಲಾ ಅಮ್ಮಾ, ಫೈನ್ ಲಾ' ಅಂತ ಮುಗಿಸಿಬಿಡುತ್ತೀಯ. ಕಾಗದದಲ್ಲಾದರೂ ಮಗಳು ಸಿಗುತ್ತಾಳೆ ಅಂದುಕೊಂಡಿದ್ದೆ.

ಯಾರವಳು? ನಿಮ್ಮ ವಿಮಾನ ನಿಲ್ದಾಣದಲ್ಲಿ ರೇಡಿಯೋ ಮುಂದೆ ಕೂರುವವಳು, ನನ್ನದೇ ವಯಸ್ಸಿನವಳು ಅಂತ ಬರೆದಿದ್ದೀಯ. 'ಅವಳು ಹವಾಮಾನ ಹೇಳಿದಳು, ನಾವು ಹೊರಡಲಿಲ್ಲ' ಅಂತಲೂ ಬರೆದಿದ್ದೀಯ. ಬಹಳ ಮಾತು ಕೇಳುವವಳಾಗಿದ್ದೀಯ. ಇಲ್ಲಿದ್ದಾಗ ಮಧ್ಯಾಹ್ನ ಮಳೆ ಬರುತ್ತದೆ, ಛತ್ರಿ ತೆಗೆದುಕೋ ಅಂತ ಬಾಯಿ ಬಡಿದುಕೊಂಡೆ. ಒಂದು ದಿನ ತೆಗೆದುಕೊಂಡವಳಲ್ಲ. ನಾನೇ ಛತ್ರಿ ಹಿಡಿದು ಕಟ್ಟಡದ ಕೆಳಗಿನ ವಾಯ್ಡ್ ಡೆಕ್ ತನಕ ಓಡಿಬರುತ್ತಿದ್ದೆ. ನೀನು ಅಷ್ಟರಲ್ಲಿ ಎಲ್‌ಆರ್‌ಟಿ ರೈಲು ಹತ್ತಿಬಿಟ್ಟಿರುತ್ತಿದ್ದೆ.

ಇನ್ನು ಆ ಗ್ಲೌಸ್. ಸೀಲ್ ಅನ್ನುವ ಪ್ರಾಣಿಯ ಚರ್ಮದ್ದಂತೆ. ನಮ್ಮ ಮನೆಯಲ್ಲಿ ಕೇಕ್ ತಂದರೂ ಮೊಟ್ಟೆ ಇದೆಯೋ ಅಂತ ಡಬ್ಬಿ ತಿರುಗಿಸಿ ಓದುತ್ತೇವೆ. ನಾನು ಉಣ್ಣೆಯಲ್ಲಿ ಹೆಣೆದು ಕಳಿಸಿದ್ದು ಏನಾಯಿತು?

ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಪಾರ್ಸಲ್ ಮಾಡಿದ್ದೇನೆ. ಇಂಡೋನೇಷ್ಯಾದ ಕಾಡಿನ ಬೆಂಕಿಯ ಹೊಗೆಯಿಂದ ಇಲ್ಲಿ ಎಲ್ಲರಿಗೂ ಕೆಮ್ಮು. ನಿನ್ನ ಅಪ್ಪ ಚೆನ್ನಾಗಿದ್ದಾರೆ.

ಆಶೀರ್ವಾದಗಳೊಂದಿಗೆ,
ಅಮ್ಮ

*

ಟುಲುಗಾಕ್
14 ನವೆಂಬರ್ 2006

ಅಮ್ಮಾ,

ಬೈಗುಳ ಸಿಕ್ತು, ಪಾರ್ಸಲ್ಲೂ ಸಿಕ್ತು. ಎರಡೂ ನಮ್ಮ ವಿಮಾನದಲ್ಲೇ ಬಂತು, ನಾನೇ ಇಳಿಸಿಕೊಂಡೆ. ಒತ್ತಕ್ಷರ ತಪ್ಪಿದ್ರೆ ಅಪ್ಪನ ಹತ್ರ ತಿದ್ದಿಸ್ಕೊ.

ನೀನು ಹೆಣೆದ ಗ್ಲೌಸ್ ಮನೇಲಿ ಹಾಕ್ಕೋತೀನಿ. ಹೊರಗೆ ಹಾಕಿದ್ರೆ ಗಾಳಿ ತೂತಿನಿಂದ ನುಗ್ಗುತ್ತೆ, ಬೆರಳು ಸತ್ತೇ ಹೋಗುತ್ತೆ. ಪೂಜೆ ಮಾಡುವಾಗ ಸೀಲ್ ಗ್ಲೌಸ್ ತೆಗೆದಿಡ್ತೀನಿ, ಪ್ರಾಮಿಸ್.

ಇಲ್ಲಿ ಹಾರೋದು ಹೇಗಿರುತ್ತೆ ಅಂತ ನೀನು ಫೋನಲ್ಲಿ ಕೇಳಿದ್ದೆ. ನೆಲ ಬಿಳಿ, ಆಕಾಶ ಬಿಳಿ, ನೆರಳೇ ಇರಲ್ಲ. ನೆಲ ಹತ್ತಡಿ ಕೆಳಗಿದ್ಯೋ ಸಾವಿರ ಅಡಿ ಕೆಳಗಿದ್ಯೋ ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೇ ರನ್‌ವೇ ಪಕ್ಕ ಕಪ್ಪು ಡ್ರಮ್ ಇಟ್ಟಿರ್ತಾರೆ. ಗಾಳಿ ಎದ್ರೆ ಬಿದ್ದಿರೋ ಹಿಮಾನೇ ಮತ್ತೆ ಏಳುತ್ತೆ. ತಲೆ ಮೇಲೆ ನಕ್ಷತ್ರ ಕಾಣುತ್ತೆ, ನನ್ನ ಕಾಲು ನನಗೆ ಕಾಣಲ್ಲ. ಇನ್ನು ಸ್ವಲ್ಪ ದಿನಕ್ಕೆ ಸೂರ್ಯ ಕೂಡ ರಜೆ.

ಲೀಟಿಯಾ ಕೆಲಸ ಏನಂದ್ರೆ, ಗಂಟೆಗೊಂದು ಸಲ ಹೊರಗೆ ಹೋಗಿ ನಿಂತು ನೋಡೋದು. ಚರ್ಚು ಕಂಡ್ರೆ ಅರ್ಧ ಮೈಲಿ ಕಾಣುತ್ತೆ ಅಂತ ಅರ್ಥ. ಎಣ್ಣೆ ಟ್ಯಾಂಕ್ ಕಂಡ್ರೆ ಒಂದೂವರೆ. ಆಚೆ ಗುಡ್ಡ ಕಂಡ್ರೆ ಐದು. ಒಳಗೆ ಬಂದು ರೇಡಿಯೋದಲ್ಲಿ ನಮಗೆ ಹೇಳ್ತಾಳೆ. ಇಳೀರಿ, ಇಳೀಬೇಡಿ ಅನ್ನೋ ಅಧಿಕಾರ ಅವಳಿಗಿಲ್ಲ. ಕಂಡಿದ್ದನ್ನ ಹೇಳ್ಬೇಕು, ಅಷ್ಟೆ. 'ಚರ್ಚು ಕಾಣ್ತಿಲ್ಲ' ಅಂತಾಳೆ, ನಾವೇ ತಿರುಗಿ ಹೋಗ್ತೀವಿ. ನೀನು 'ಬೇಡ' ಅಂತೀಯ ಅಮ್ಮಾ, ಅವಳು ಬೇಡ ಅನ್ನಲ್ಲ. ವ್ಯತ್ಯಾಸ ಅಷ್ಟೇ.

ನೀನು ದಿನಾ ರಾಫೆಲ್ಸ್ ಪ್ಲೇಸ್ ಆಫೀಸಿಗೆ ಹೋದ ತಕ್ಷಣ ಕಂಪ್ಯೂಟರಲ್ಲಿ ನಮ್ಮೂರ ಹವಾಮಾನ ನೋಡ್ತೀಯಂತೆ. ಆ ಕೋಡೆಲ್ಲ ಓದೋದು ಕಲ್ತಿದ್ದೀಯಂತೆ, ಅಪ್ಪ ಹೇಳಿದ್ರು. ನಂಗೆ ತುಂಬಾ ಖುಷಿ ಆಯ್ತು. ಆದ್ರೆ ಆ ಕೋಡ್ ಬರೆಯೋದು ಯಾರು ಅಂದ್ಕೊಂಡೆ? ಲೀಟಿಯಾನೇ.

ಇನ್ನೊಂದು ವಿಷಯ. ನಾನು ಹೇಳದೆ ಇದ್ರೆ ಆಮೇಲೆ ಗೊತ್ತಾಗಿ ಇನ್ನೂ ಜಾಸ್ತಿ ಸಿಟ್ಟಾಗ್ತೀಯ. ಅವಳು ನನ್ನ 'ಪನಿಕ್' ಅಂತ ಕರೀತಾಳೆ. ಅವರ ಭಾಷೇಲಿ ಮಗಳು ಅಂತ. ಅವಳಿಗೆ ಇರೋದೆಲ್ಲ ಗಂಡುಮಕ್ಕಳು.

ಚಟ್ನಿಪುಡಿ ಅವಳಿಗೂ ಕೊಟ್ಟೆ. ಬೆಣ್ಣೆ ಹಚ್ಚಿದ ರೊಟ್ಟಿ ಮೇಲೆ ಉದುರಿಸ್ಕೊಂಡು ತಿಂದು, ಡಬ್ಬಿ ಮನೆಗೆ ತೊಗೊಂಡು ಹೋದ್ಲು.

ಪ್ರೀತಿಯಿಂದ,
ಉಮಾ

*

ಬುಕಿತ್ ಪಂಜಾಂಗ್
3 ಡಿಸೆಂಬರ್ 2006

ಉಮಾ,

ಡಬ್ಬಿಯನ್ನೇ ಕೊಟ್ಟುಬಿಟ್ಟೆಯಾ? ಲಿಟಲ್ ಇಂಡಿಯಾದಲ್ಲಿ ಅಂಗಡಿ ಅಂಗಡಿ ಅಲೆದು ಗುರೆಳ್ಳು ಹುಡುಕಿ, ಅದನ್ನೂ ಸೇರಿಸಿ ಕುಟ್ಟಿದ್ದೆ. ಹೋಗಲಿ, ಖಾರ ಹೆಚ್ಚಾಯಿತಂತೋ ಅವಳಿಗೆ? ಹೇಳಿದಳೇ ಏನಾದರೂ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನಗೆ ಹೊಟ್ಟೆಕಿಚ್ಚಾಗಿದೆ. ಮುಚ್ಚಿಡುವುದೇನು, ನಿನ್ನ ಅಪ್ಪನ ಮುಂದೆಯೂ ಹೇಳಿದೆ. ನಮ್ಮ ಗದಗಿನ ಕಡೆ ಯಾವ ಹುಡುಗಿಯನ್ನಾದರೂ 'ಬಾರವ್ವ ಮಗಳೇ' ಅನ್ನುತ್ತೇವೆ, ನಿಜ. ಅದು ಬಾಯಿಮಾತಿನ ಉಪಚಾರ. ಇವಳದು ಹಾಗೆ ಕಾಣುವುದಿಲ್ಲ. ಇವಳು ಚರ್ಮ ಹದ ಮಾಡಿ, ಅಳತೆ ತೆಗೆದು, ಗ್ಲೌಸ್ ಹೊಲಿದು ಆಮೇಲೆ ಮಗಳು ಅಂದಿದ್ದಾಳೆ.

ನಿನ್ನ ಅಪ್ಪ ನಕ್ಕರು. "ಸುಮ್ನ ಯಾಕ ಸಿಟ್ಟಾಗ್ತಿ? ಅಕಿ ಹವಾಮಾನ ಹೇಳಾಕ ಕುಂತಾಳ, ನಿನ್ನ ಮಗಳನ್ನ ಕಸಗೊಳ್ಳಾಕಲ್ಲ" ಅಂದರು.

"ಕಸಗೊಳ್ಳೋರು ಹೇಳಿ ಕಸಗೋತಾರೇನ್ರಿ?" ಅಂದೆ.

ಬೆಳಿಗ್ಗೆ ಮೊದಲು ಆ ಕೋಡ್ ಓದಿ, ಹಿಮ ಹಾರುತ್ತಿಲ್ಲ ಅಂತ ತಿಳಿದ ಮೇಲೆಯೇ ನಾನು ಕಾಫಿ ಕುಡಿಯುತ್ತಿದ್ದೆ. ಇಷ್ಟು ದಿನ ನನಗೆ ಸಮಾಧಾನ ಹೇಳುತ್ತಿದ್ದದ್ದೂ ಆ ಹೆಂಗಸೇ ಅಂತ ಈಗ ಗೊತ್ತಾಯಿತು. ಸಾಕು. ಅವತ್ತಿನಿಂದ ಅದನ್ನು ನೋಡುವುದು ಬಿಟ್ಟಿದ್ದೇನೆ. ಹೊಗೆ ಮುಸುಕಿದಾಗ ನನಗೂ ಕಿಟಕಿಯಿಂದ ಬುಕಿತ್ ತಿಮಾ ಗುಡ್ಡ ಕಾಣುತ್ತಿರಲಿಲ್ಲ. ಅದನ್ನು ಹೇಳಿದ್ದಕ್ಕೆ ನನಗೆ ಯಾರೂ ಸಂಬಳ ಕೊಡಲಿಲ್ಲ.

ಇಲ್ಲಿ ಹೊಸ ಏರ್‌ಲೈನುಗಳು ನಾಯಿಕೊಡೆಗಳಂತೆ ಏಳುತ್ತಿವೆ. ಪೈಲಟ್ ಸಿಕ್ಕರೆ ಸಾಕು ಅಂತ ಕಾಯುತ್ತಿದ್ದಾರೆ. ಒಂಬತ್ತನೇ ಮಹಡಿಯ ರಘುನಾಥ್ ಅಂಕಲ್ ಮಗ ನೀರಜ್ ಬೆಳಿಗ್ಗೆ ಬ್ಯಾಂಕಾಕಿಗೆ ವಿಮಾನ ಹಾರಿಸಿಕೊಂಡು ಹೋಗಿ ಸಂಜೆ ಮನೆಗೆ ಬಂದು ಅನ್ನ ಸಾರು ತಿನ್ನುತ್ತಾನೆ. ಅವನ ತಾಯಿ ಶಾಮಲಾ ಇದನ್ನು ನನಗೆ ಲಿಫ್ಟಿನಲ್ಲಿ ಹೇಳುತ್ತಾಳೆ, ಮಾರ್ಕೆಟ್ಟಿನಲ್ಲಿ ಹೇಳುತ್ತಾಳೆ, ಕನ್ನಡ ಸಂಘದ ಸಮಾರಂಭದಲ್ಲಿ ಮೈಕ್ ಸಿಕ್ಕರೆ ಅಲ್ಲೂ ಹೇಳುತ್ತಾಳೆ. ಅವನ ಏರ್‌ಲೈನಿನಲ್ಲೇ ಫೆಬ್ರವರಿ ಹದಿನೈದಕ್ಕೆ ಇಂಟರ್ವ್ಯೂ ಇದೆಯಂತೆ. ನಿನ್ನ ಹೆಸರು ಕೊಟ್ಟಿದ್ದೇನೆ. ಬಾ.

ಅಮ್ಮ

*

ಬುಕಿತ್ ಪಂಜಾಂಗ್
28 ಡಿಸೆಂಬರ್ 2006

ಚಿರಂಜೀವಿ ಉಮಾ,

ಇದು ನಿನ್ನ ಅಪ್ಪ ಪ್ರಭುದೇವ, ಆಫೀಸಿನಿಂದ ಕದ್ದು ಬರೆಯುತ್ತಿರುವ ನಾಲ್ಕು ಸಾಲು. ನಿನ್ನ ಅಮ್ಮ ಹವಾಮಾನ ನೋಡುವುದನ್ನು ಬಿಟ್ಟದ್ದು ನಿಜ. ಎರಡು ದಿನ ಬಿಟ್ಟಿದ್ದಳು. ಮೂರನೆಯ ದಿನ ಎಂಆರ್‌ಟಿ ರೈಲು ಇಳಿದು ಓಡಿಕೊಂಡೇ ಆಫೀಸಿಗೆ ಹೋದಳಂತೆ. ಈಗ ರಾತ್ರಿ ಊಟಕ್ಕೆ ಕೂತಾಗ 'ಇವತ್ತು ಅವಳಿಗೆ ಟ್ಯಾಂಕ್ ಕಂಡಿದೆ' ಅಂತ ಹೇಳುತ್ತಾಳೆ. ಹೆಸರು ಮಾತ್ರ ಹೇಳುವುದಿಲ್ಲ. ಅವಳು, ಅಷ್ಟೇ.

ನೀನು ಬಂದರೆ ನನಗೂ ಸಂತೋಷ. ಬರಲು ಮನಸ್ಸಿಲ್ಲದಿದ್ದರೆ ಅವಳಿಗೆ ನೇರವಾಗಿ ಬರೆ. ತಪ್ಪಿಸಿಕೊಂಡು ಓಡಾಡಬೇಡ.

ಅಪ್ಪ

*

ಟುಲುಗಾಕ್
6 ಜನವರಿ 2007

ಅಮ್ಮಾ,

ಖಾರ ಸರಿಯಾಗಿತ್ತಂತೆ. ಇನ್ನೂ ಬೇಕಂತೆ.

ಇಂಟರ್ವ್ಯೂ ವಿಷಯ. ಯೋಚಿಸ್ತಾ ಇದ್ದೀನಿ. ನಂಗೆ ಇಲ್ಲಿ ಇಷ್ಟ ಅಮ್ಮಾ. ಈ ಊರಿಗೆ ರಸ್ತೆ ಇಲ್ಲ. ನಾವು ಬರದಿದ್ರೆ ಹಾಲಿಲ್ಲ, ಔಷಧಿ ಇಲ್ಲ. ಬಸುರಿಯರನ್ನ ದಕ್ಷಿಣದ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ನಾವೇ. ಬ್ಯಾಂಕಾಕಿಗೆ ನಾನು ಹೋಗದಿದ್ರೆ ಇನ್ಯಾರೋ ಹೋಗ್ತಾರೆ. ಫೆಬ್ರವರಿಯಲ್ಲಿ ರಜೆ ಸಿಗೋದೂ ಕಷ್ಟ. ಜೂನ್ ಆದ್ರೆ ನೋಡಬಹುದಾ?

ಇವತ್ತು ಮೈನಸ್ ಮೂವತ್ತಾರು. ಬಿಸಿನೀರನ್ನ ಗಾಳಿಗೆ ಎರಚಿದ್ರೆ ಕೆಳಗೆ ಬೀಳಲೇ ಇಲ್ಲ.

ಉಮಾ

*

ಬುಕಿತ್ ಪಂಜಾಂಗ್
21 ಜನವರಿ 2007

ಉಮಾ,

ಜೂನ್ ಯಾಕೆ? ಜೂನಿನಲ್ಲಿ ಅವಳು ರಜೆಯ ಮೇಲೆ ಹೋಗುತ್ತಾಳೇನು?

ಊರಿಗೆಲ್ಲ ಹಾಲು ಹಾಕುತ್ತೀಯ, ಒಳ್ಳೆಯದು. ನಿನ್ನ ತಾಯಿ ಇಲ್ಲಿ ನಿನ್ನ ಮುಖ ನೋಡದೆ ಎರಡು ವರ್ಷವಾಗುತ್ತ ಬಂತು, ಅದು ಯಾರ ಲೆಕ್ಕಕ್ಕೂ ಇಲ್ಲ. ಮೊನ್ನೆ ಶಾಮಲಾ ಕೇಳಿದಳು, "ಉಮಾಗೆ ಅಲ್ಲೇ ಸೆಟ್ಲ್ ಆಗೋ ಪ್ಲಾನ್ ಏನ್ರೀ?" ಅಂತ. ನಾನು ನಕ್ಕು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾಕೆ ಅಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಆ ಲೀಟಿಯಾಗೆ ಗೊತ್ತಿರುತ್ತದೆ. ನೀನು ಬೆಳಿಗ್ಗೆ ಏನು ತಿಂದೆ, ಯಾವ ಮಾತಿಗೆ ನಗುತ್ತೀಯ, ಯಾವತ್ತು ಮುಖ ಸಪ್ಪಗಿತ್ತು, ಎಲ್ಲ ಅವಳಿಗೆ ಗೊತ್ತು. ನನಗೆ ಗೊತ್ತಿರುವುದು ಬರೀ ಗಾಳಿಯ ದಿಕ್ಕು.

ಟಿಕೆಟ್ ಬುಕ್ ಮಾಡಿದ್ದೇನೆ. ಹದಿನೈದನೇ ತಾರೀಖಿನೊಳಗೆ ಬರಬೇಕು. ಈ ಸಲ ನೀನು ಬರದಿದ್ದರೆ, ನೀನು ಅವಳ ಮಗಳೇ ಅಂತ ತಿಳಿದುಕೊಳ್ಳುತ್ತೇನೆ. ಇನ್ನು ಮುಂದೆ ಕಾಗದವನ್ನೂ ಅವಳಿಗೇ ಬರೆದುಕೋ.

ಅಮ್ಮ

*

ಬುಕಿತ್ ಪಂಜಾಂಗ್
17 ಫೆಬ್ರವರಿ 2007

ಉಮಾ,

ನಿನ್ನೆ ಶಿವರಾತ್ರಿ. ಉಪವಾಸ ಹೊಟ್ಟೆಯಲ್ಲಿ ಏನೂ ಬರೆಯಬಾರದು ಅಂತ ತಡೆದುಕೊಂಡೆ. ಇವತ್ತು ಬರೆಯುತ್ತಿದ್ದೇನೆ.

ಬರುತ್ತೇನೆ ಅಂದಿದ್ದವಳು ಹದಿಮೂರಕ್ಕೆ ಫೋನ್ ಮಾಡಿ "ಸಾರಿ ಅಮ್ಮಾ, ಟುಲುಗಾಕ್‌ನಲ್ಲಿ ಇಳೀಲಿಲ್ಲ, ವೆದರ್, ಫ್ಲೈಟ್ ಮಿಸ್ ಆಯ್ತು" ಅಂದೆ. ಇನ್ನೇನೂ ಹೇಳದೆ ಇಟ್ಟುಬಿಟ್ಟೆ. ಇಂಟರ್ವ್ಯೂ ಹೋಯಿತು.

ನಾನು ದಡ್ಡಿಯಲ್ಲ. ನೀನು ಇಳಿಯಬೇಕಾಗಿದ್ದ ಹೊತ್ತಿನ ರಿಪೋರ್ಟ್ ನನ್ನ ಹತ್ತಿರ ಇದೆ. ಗಾಳಿ ಇರಲಿಲ್ಲ. ಹಿಮ ಹಾರುತ್ತಿರಲಿಲ್ಲ. ಒಂದೂವರೆ ಮೈಲಿ ಕಾಣುತ್ತಿತ್ತು, ಅಂದರೆ ಎಣ್ಣೆ ಟ್ಯಾಂಕ್ ಕಾಣುತ್ತಿತ್ತು. ಅದನ್ನು ನೀರಜ್‌ಗೆ ತೋರಿಸಿದೆ. "ಲಿಮಿಟ್ ಒಳಗೇ ಇದೆ ಆಂಟಿ, ಲ್ಯಾಂಡ್ ಮಾಡಬಹುದಿತ್ತು ಲಾ" ಅಂದ. ಶಾಮಲಾ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಕನಿಕರದಿಂದ ಟೀ ಮಾಡಿಕೊಟ್ಟಳು. ಆ ಟೀ ಅಲ್ಲೇ ಬಿಟ್ಟು ಮನೆಗೆ ಬಂದೆ.

ಹಾಗಾದರೆ ಯಾಕೆ ತಿರುಗಿ ಹೋದೆ? ಅವಳು ಏನು ಹೇಳಿದಳು ನಿನಗೆ? ಇಳಿದರೆ ನೀನು ನನ್ನ ಹತ್ತಿರ ಬರುತ್ತೀಯ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ? ನಿಜ ಬರೆ.

ಅಮ್ಮ

*

ಟುಲುಗಾಕ್
4 ಮಾರ್ಚ್ 2007

ಅಮ್ಮಾ,

ನಿಜ ಬರೀತೀನಿ. ಇದನ್ನ ಫೋನಲ್ಲಿ ಹೇಳೋಕೆ ಆಗಲಿಲ್ಲ.

ನೀರಜ್ ಹೇಳಿದ್ದು ಸರಿ. ಇಳೀಬಹುದಿತ್ತು. ಅವತ್ತು ಸರಕು ತೊಗೊಂಡು ಟುಲುಗಾಕ್‌ಗೆ ವಾಪಸ್ ಬರ್ತಿದ್ವಿ. ನನ್ನ ಪಾಸ್‌ಪೋರ್ಟ್, ಬ್ಯಾಗ್ ಎಲ್ಲ ಇಲ್ಲಿ ಮನೇಲಿತ್ತು. ಮಾರನೇ ಬೆಳಿಗ್ಗೆ ಇಲ್ಲಿಂದ ದಕ್ಷಿಣಕ್ಕೆ ಹೋಗೋ ವಿಮಾನ ಹತ್ತಿದ್ರೆ ನಿನ್ನ ಹತ್ರ ಬರ್ತಿದ್ದೆ. ನಿನ್ನ ಕಾಗದ ಜೇಬಲ್ಲೇ ಇತ್ತು. ಗಾಳಿಯಲ್ಲಿ ಸಣ್ಣ ಸಣ್ಣ ಐಸ್ ಹರಳು ತೇಲ್ತಾ ಇತ್ತು, ಕೆಳಗೆ ಏನೂ ಸರಿಯಾಗಿ ಕಾಣ್ತಿರಲಿಲ್ಲ. ಮೀಟರ್ ನೋಡ್ಕೊಂಡೇ ಇಳೀಬೇಕು.

ನಮ್ಮ ಎತ್ತರದ ಮೀಟರ್ ಗಾಳಿಯ ಒತ್ತಡ ಅಳೆದು ಎತ್ತರ ಹೇಳುತ್ತೆ. ತುಂಬಾ ಚಳಿ ಇದ್ರೆ ಗಾಳಿ ಕುಗ್ಗುತ್ತೆ, ಆಗ ಮೀಟರ್ ಸುಳ್ಳು ಹೇಳುತ್ತೆ. ಸಾವಿರದ ಐನೂರು ಅಡಿ ಮೇಲಿದ್ದೀವಿ ಅಂತ ತೋರಿಸುತ್ತೆ, ನಿಜವಾಗಿ ಅದಕ್ಕಿಂತ ಮುನ್ನೂರು ಅಡಿಗೂ ಹೆಚ್ಚು ಕೆಳಗಿರ್ತೀವಿ. ಅದಕ್ಕೆ ಚಳಿ ಎಷ್ಟಿದ್ಯೋ ನೋಡಿ, ಅಷ್ಟು ಅಡಿ ಸೇರಿಸಿ ಮೇಲಿಂದ ಬರ್ಬೇಕು. ನಮ್ಮ ವಿಮಾನದಲ್ಲಿ ಆ ಲೆಕ್ಕ ಕೋ-ಪೈಲಟ್ ಮಾಡ್ಬೇಕು. ನಾನು.

ಸಿಂಗಪುರದಲ್ಲಿ ಬೆಳೆದವಳಿಗೆ ಚಳಿ ಅಂದ್ರೆ ಸ್ವೆಟರ್. ಅದು ಲೆಕ್ಕ ಅಂತ ತಲೆಗೆ ಹತ್ತಿರಲೇ ಇಲ್ಲ. ಇಲ್ಲಿ ಪ್ರತಿ ಸಲ ನೆನಪು ಮಾಡಿಕೊಂಡು ಸೇರಿಸ್ತಿದ್ದೆ. ಅವತ್ತು ಸೇರಿಸಲಿಲ್ಲ. ತಲೇಲಿ ನಿನ್ನ ಕೊನೇ ಸಾಲು ಓಡ್ತಾ ಇತ್ತು, ಇಳಿದ್ರೆ ಸಾಕು ಅಂತಿದ್ದೆ.

ಲೀಟಿಯಾ ರೇಡಿಯೋದಲ್ಲಿ ಗಾಳಿ ಹೇಳಿದ್ಲು, ಎಷ್ಟು ದೂರ ಕಾಣುತ್ತೆ ಹೇಳಿದ್ಲು, ಒತ್ತಡ ಹೇಳಿದ್ಲು, ಕೊನೆಗೆ ಮೈನಸ್ ನಲವತ್ತೊಂದು ಅಂದ್ಲು. ನಾನು ಒತ್ತಡ ಮಾತ್ರ ತಿರುಗಿ ಹೇಳಿದೆ. ನಮ್ಮ ಎತ್ತರ ಹೇಳಿದೆ, ಚಳಿಗೆ ಸೇರಿಸಬೇಕಾದ ಅಡಿ ಅದರಲ್ಲಿರಲಿಲ್ಲ. ಅವಳು ಎರಡನೇ ಸಲ ಮೈನಸ್ ನಲವತ್ತೊಂದು ಅಂದ್ಲು. ನಾನು ಸರಿ ಅಂದೆ, ಬೇಗ ಬೇಗ. ಆಮೇಲೆ, "ಪನಿಕ್. ಮೈನಸ್ ನಲವತ್ತೊಂದು."

ರೇಡಿಯೋದಲ್ಲಿ ಅವಳು ನನ್ನ ಯಾವತ್ತೂ ಹಾಗೆ ಕರೆದಿರಲಿಲ್ಲ. ವಿಮಾನದ ನಂಬರ್ ಬಿಟ್ಟು ಬೇರೆ ಏನೂ ಹೇಳೋ ಹಾಗಿಲ್ಲ, ಎಲ್ಲರೂ ಕೇಳ್ತಿರ್ತಾರೆ. ಅದನ್ನ ಕೇಳಿದ ಕೂಡಲೇ ಚಳಿಯ ಲೆಕ್ಕ ಸೇರಿಸಿಲ್ಲ ಅಂತ ಹೊಳೀತು. ಕ್ಯಾಪ್ಟನ್‌ಗೆ "ಮೇಲೆ ಹೋಗಿ" ಅಂದೆ. ಅವರು ಒಂದು ಮಾತು ಕೇಳದೆ ಮೇಲೆತ್ತಿದ್ರು. ಅಷ್ಟರಲ್ಲಿ ಹರಳು ದಟ್ಟ ಆಯ್ತು, ಲೀಟಿಯಾಗೆ ಚರ್ಚೂ ಕಾಣದೆ ಹೋಯ್ತು. ನಾವು ಬೇರೆ ಊರಿಗೆ ಹೋಗಿ ಇಳಿದ್ವಿ. ಮೂರು ದಿನ ಅಲ್ಲೇ ಸಿಕ್ಕಿಹಾಕ್ಕೊಂಡ್ವಿ.

ನಾವು ಬರ್ತಿದ್ದ ದಾರೀಲಿ ಒಂದು ಗುಡ್ಡ ಇದೆ. ಅದಕ್ಕೂ ನಮಗೂ ಎಷ್ಟು ಅಂತರ ಉಳೀತಿತ್ತು ಅಂತ ಆಮೇಲೆ ಕೂತು ಲೆಕ್ಕ ಮಾಡಿದೆ. ಅದನ್ನ ನಿನಗೆ ಬರೆಯಲ್ಲ.

ನಾನು ಬರ್ತಿದ್ದೆ ಅಂತ ಅವಳಿಗೆ ಗೊತ್ತಿತ್ತು ಅಮ್ಮಾ. ನನ್ನ ಬ್ಯಾಗ್ ಕಟ್ಟಿಕೊಟ್ಟವಳೇ ಅವಳು. ನಿನಗೆ ಅಂತ ಮನೆಯೊಳಗೆ ಹಾಕೋ ಒಂದು ಜೊತೆ ಚಪ್ಪಲಿ ಹೊಲಿದು ಒಳಗಿಟ್ಟಿದ್ಲು. ಚರ್ಮದ್ದಲ್ಲ, ಉಣ್ಣೆ ಬಟ್ಟೆಯದು. ನಮ್ಮ ಮನೆ ವಿಷಯ ನಾನು ಹೇಳಿದ್ದೆ.

ತಪ್ಪು ನನ್ನದು. ನಿನ್ನ ಕಾಗದದ್ದಲ್ಲ.

ಉಮಾ

*

ಬುಕಿತ್ ಪಂಜಾಂಗ್
22 ಮಾರ್ಚ್ 2007

ಉಮಾ, ನನ್ನ ಕಂದಾ,

ಕಾಗದ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಆಫೀಸಿಗೆ ಹೋಗಲಿಲ್ಲ. ನಿನ್ನ ಅಪ್ಪ ಓದಿ, ಮಡಚಿ, ಕೆಳಗೆ ಹೋಗಿ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. "ಏನೂ ಆಗಿಲ್ಲಲ್ಲ, ಬಿಡು" ಅಂದರು. ಅವರ ದನಿ ಮಾತ್ರ ಸರಿಯಿರಲಿಲ್ಲ.

ನನ್ನ ಕಾಗದದ ತಪ್ಪಲ್ಲ ಅಂತ ಬರೆದಿದ್ದೀಯ. ದೊಡ್ಡವಳಾಗಿದ್ದೀಯ, ಬರೆಯುತ್ತೀಯ. ಜೇಬಿನಲ್ಲಿ ಏನಿತ್ತು ಅಂತಲೂ ನೀನೇ ಬರೆದಿದ್ದೀಯಲ್ಲ.

ಆ ಮೈನಸ್ ನಲವತ್ತೊಂದನ್ನು ನಾನೂ ಅವತ್ತು ಓದಿದ್ದೆ ಉಮಾ. ಆಫೀಸಿನಲ್ಲಿ ಕೂತು, ಕಾಫಿ ಕೈಯಲ್ಲಿ ಹಿಡಿದು ಓದಿದ್ದೆ. ಮಗಳು ಒಳಗೆ ಎರಡು ಸ್ವೆಟರ್ ಹಾಕಿಕೊಂಡಿದ್ದಾಳೋ ಇಲ್ಲವೋ ಅಂದುಕೊಂಡೆ. ನನಗೆ ತಿಳಿದದ್ದು ಅಷ್ಟು. ಅವಳು ಅದೇ ಸಂಖ್ಯೆ ಹಿಡಿದುಕೊಂಡು, ನೀನು ಎಷ್ಟು ಕೆಳಗಿದ್ದೀಯ ಅಂತ ಯೋಚಿಸುತ್ತಿದ್ದಳು. ಕೆಲಸ ಹೋದರೂ ಹೋಗಲಿ ಅಂತ ಎಲ್ಲರೂ ಕೇಳುವ ರೇಡಿಯೋದಲ್ಲಿ ನಿನ್ನನ್ನು ಕರೆದಳು. ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ. ಆ ಕರೆ ನನ್ನ ಬಾಯಿಂದ ಬರಬೇಕಾಗಿತ್ತು. ಇಷ್ಟು ದೂರದಿಂದ ಹೇಗೆ ಬರುತ್ತಿತ್ತು ಅಂತ ಕೇಳಬೇಡ. ಬರಬೇಕಾಗಿತ್ತು, ಅಷ್ಟೇ.

ಶಾಮಲಾ ಮತ್ತೆ ಕೇಳಿದಳು, ಇಂಟರ್ವ್ಯೂ ಏನಾಯಿತು ಅಂತ. ಉಮಾಗೆ ಅಲ್ಲೇ ಕೆಲಸ ಇದೆ, ಬರಲಾಗಲಿಲ್ಲ ಅಂದೆ. ನೀರಜ್ ಬ್ಯಾಂಕಾಕಿನಿಂದ ಬಂದನೇ ಅಂತ ನಾನೇ ಕೇಳಿದೆ.

ಜೂನಿನಲ್ಲಿ ರಜೆ ಸಿಕ್ಕರೆ ಬಾ. ಸಿಗದಿದ್ದರೆ ಸಿಕ್ಕಾಗ ಬಾ. ಹೊರಡುವ ದಿನ ಅವಳು ಚರ್ಚು ಕಾಣುತ್ತಿಲ್ಲ ಅಂದರೆ ಹೊರಡಬೇಡ. ನಾನೇ ಕರೆದಿದ್ದರೂ, ಇಲ್ಲಿ ನನಗೆ ಏನೇ ಆಗಿದ್ದರೂ, ಅವಳ ಮಾತು ಕೇಳು. ನನ್ನದು ಬೇಡ.

ಅವಳಿಗೆ ಒಂದು ಮಾತು ಹೇಳಬೇಕು. ನಿನ್ನ ಇಂಗ್ಲಿಷಿನಲ್ಲಿ ಮೆತ್ತಗೆ ಮಾಡಿ ಹೇಳಬೇಡ, ಇದ್ದ ಹಾಗೆ ಹೇಳು. ನನ್ನ ಮಗಳನ್ನು ಅವಳು ಮಗಳು ಅಂತ ಕರೆಯುವುದಕ್ಕೆ ನನ್ನ ತಕರಾರಿದೆ. ಮೊದಲೂ ಇತ್ತು, ಈಗಲೂ ಇದೆ, ನಾನು ಸಾಯುವ ತನಕ ಇರುತ್ತದೆ.

ಆದರೆ ಕರೆಯುವುದನ್ನು ನಿಲ್ಲಿಸಬಾರದು ಅಂತ ಹೇಳು.

ನಿನ್ನ,
ಅಮ್ಮ